ಹಾಸಿಗೆ ಹಿಡಿಸಿದ್ದು ಮುಪ್ಪಲ್ಲ

1935ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಐಲ್‌ವರ್ತ್‌ನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ತನ್ನ ಪಕ್ಕದಲ್ಲೇ ಇದ್ದ ವರ್ಕ್‌ಹೌಸಿನ ರೋಗಿಗಳ ವಿಭಾಗವನ್ನು ವಹಿಸಿಕೊಂಡಿತು. ಕಟ್ಟಡದ ಜೊತೆಗೆ 714 ಮಂದಿ ರೋಗಿಗಳೂ ಬಂದರು. ಅವರಲ್ಲಿ ಬಹುಪಾಲು ವಯಸ್ಸಾದವರು. ಎಷ್ಟೋ ಜನ ಮಂಚದಿಂದ ಇಳಿದು ಬಹಳ ಕಾಲವಾಗಿತ್ತು. ಇಷ್ಟೂ ಜನರ ಹೊಣೆ ಬಿದ್ದದ್ದು ಇನ್ನೂ ನಲವತ್ತು ತುಂಬದ ಮಾರ್ಜರಿ ವಾರೆನ್ ಎಂಬ ವೈದ್ಯೆಯ ಮೇಲೆ. ಅವರು ಮೊದಲು ಮಾಡಿದ ಕೆಲಸ ಕೇಳಿದರೆ ಇಷ್ಟೇನಾ ಅನ್ನಿಸಬಹುದು: ಮಂಚದಿಂದ ಮಂಚಕ್ಕೆ ಹೋಗಿ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಇವರಿಗೆ ಆಗಿರುವುದೇನು ಎಂದು ಬರೆದಿಟ್ಟರು. ಆ ವಾರ್ಡುಗಳಲ್ಲಿ ಅದುವರೆಗೆ ಆಗದೆ ಉಳಿದದ್ದು ಅದೊಂದೇ ಕೆಲಸ. ಮುಪ್ಪನ್ನು ಕುರಿತ ವೈದ್ಯಶಾಸ್ತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಯೋಗಾಲಯದಿಂದಲೋ ಆಯುಸ್ಸು ಹೆಚ್ಚಿಸುವ ಕನಸಿನಿಂದಲೋ ಶುರುಮಾಡುತ್ತಾರೆ. ನನ್ನ ವಾದ ಬೇರೆ. ಆ ಶಾಸ್ತ್ರದ ಗಟ್ಟಿ ಭಾಗ ಹುಟ್ಟಿದ್ದು ಯಾರಿಗೂ ಬೇಡವಾದವರನ್ನು ತಂದು ಹಾಕಿದ್ದ ಜಾಗದಲ್ಲಿ, ಆರೈಕೆಯ ಕೆಲಸದ ನಡುವೆ. ಅಲ್ಲಿ ಕಂಡ ಮೊದಲ ಸತ್ಯವೂ ಅಹಿತಕರವಾದದ್ದು: ಮುಪ್ಪು ಎಂದು ನಾವು ಕರೆಯುತ್ತಿದ್ದುದರಲ್ಲಿ ದೊಡ್ಡ ಪಾಲು ಮುದುಕರನ್ನು ಇಟ್ಟುಕೊಂಡಿದ್ದ ರೀತಿಯಿಂದಲೇ ಆಗಿದ್ದು.

ಇದು ಅರ್ಥವಾಗಬೇಕಾದರೆ ವರ್ಕ್‌ಹೌಸ್ ಎಂದರೇನು ಎಂಬುದನ್ನು ಸ್ವಲ್ಪ ನೋಡಬೇಕು. ಇಂಗ್ಲೆಂಡಿನ 1834ರ ಬಡವರ ಕಾಯ್ದೆಯ ಹಿಂದಿದ್ದ ತರ್ಕ ಸರಳ, ಕ್ರೂರ. ದುಡಿಯಬಲ್ಲವನು ಸರ್ಕಾರದ ಅನ್ನಕ್ಕೆ ಕೈಚಾಚಬಾರದು ಎಂದಾದರೆ, ಆ ಅನ್ನ ಸಿಗುವ ಜಾಗ ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತಲೂ ಕೀಳಾಗಿರಬೇಕು. ಆದ್ದರಿಂದ ಸಮವಸ್ತ್ರ, ಎಣಿಸಿ ಹಾಕುವ ಊಟ, ಗಂಡ ಹೆಂಡಿರನ್ನೂ ಬೇರೆ ಬೇರೆ ಕಡೆ ಮಲಗಿಸುವ ನಿಯಮ. ಅರವತ್ತು ದಾಟಿದ ದಂಪತಿ ಒಟ್ಟಿಗೆ ಇರಲು ಕೋಣೆ ಕೇಳಬಹುದು ಎಂದು ಕಾನೂನು ಒಪ್ಪಿಕೊಂಡದ್ದು 1847ರಲ್ಲಿ. ಕೇಳಿದವರಿಗೆಲ್ಲ ಸಿಕ್ಕಿತೆಂದೇನೂ ಇಲ್ಲ. ವಿಪರ್ಯಾಸವೆಂದರೆ, ಸೋಮಾರಿ ಯುವಕನನ್ನು ಹೆದರಿಸಲು ಕಟ್ಟಿದ ಈ ಮನೆಗಳಿಗೆ ಆ ಯುವಕ ಬರಲೇ ಇಲ್ಲ. ಬೇರೆ ದಾರಿಯಿಲ್ಲದ ಮುದುಕರು, ವಿಧವೆಯರು, ಅಂಗವಿಕಲರು, ಬುದ್ಧಿ ಸ್ತಿಮಿತದಲ್ಲಿಲ್ಲದವರು ಬಂದು ತುಂಬಿಕೊಂಡರು. ದಂಡನೆಗೆಂದು ಮಾಡಿದ ವ್ಯವಸ್ಥೆ ಆರೈಕೆಯ ವ್ಯವಸ್ಥೆಯಾಗಿ ಮಾರ್ಪಟ್ಟಿತು, ಆದರೆ ದಂಡನೆಯ ರೀತಿ ರಿವಾಜುಗಳನ್ನು ಬಿಟ್ಟುಕೊಡಲಿಲ್ಲ. ಇಂಗ್ಲೆಂಡಿನ ಮುದುಕರು ಸಾವಿಗಿಂತ ವರ್ಕ್‌ಹೌಸಿಗೆ ಹೆಚ್ಚು ಹೆದರುತ್ತಿದ್ದರು ಎಂದು ಹೇಳುವುದುಂಟು. ಅಲ್ಲಿನ ಶವ ವಾರಸುದಾರರಿಲ್ಲದೆ ಉಳಿದರೆ ಅಂಗರಚನಾಶಾಸ್ತ್ರದ ವಿದ್ಯಾರ್ಥಿಗಳ ಮೇಜಿಗೆ ಹೋಗಬಹುದಾಗಿತ್ತು ಎಂಬುದನ್ನು ನೆನೆದರೆ ಆ ಹೆದರಿಕೆ ಅತಿಯಾದದ್ದೇನಲ್ಲ.

ಈ ಮುದುಕರ ಬಗ್ಗೆ ಮೊದಲು ಲೆಕ್ಕ ಹಿಡಿದು ಮಾತಾಡಿದವರು ವೈದ್ಯರಲ್ಲ, ಹಡಗು ವ್ಯಾಪಾರದ ಚಾರ್ಲ್ಸ್ ಬೂತ್. ಲಂಡನ್ನಿನ ಬಡತನವನ್ನು ಬೀದಿ ಬೀದಿಯಾಗಿ ಅಳೆದಿದ್ದ ಅವರು 1890ರ ದಶಕದಲ್ಲಿ ಮುದಿ ಬಡವರತ್ತ ತಿರುಗಿದರು. 65 ದಾಟಿದವರಲ್ಲಿ ಹತ್ತಿರಹತ್ತಿರ ಹತ್ತಕ್ಕೆ ಮೂರು ಜನ ಬಡವರ ಕಾಯ್ದೆಯ ನೆರವಿಗೆ ಬಿದ್ದಿದ್ದಾರೆ ಎಂದು ತೋರಿಸಿದರು. ಅಷ್ಟು ಜನ ಒಟ್ಟಿಗೇ ಸೋಮಾರಿಗಳೋ ಕುಡುಕರೋ ಆಗಿರಲು ಸಾಧ್ಯವಿಲ್ಲ. ಜೀವಮಾನವಿಡೀ ದುಡಿದವರೂ ತೋಳಿನ ಬಲ ಕುಂದಿದೊಡನೆ ಭಿಕ್ಷೆಯ ಅಂಚಿಗೆ ಬರುತ್ತಾರೆ ಎಂಬುದು ಆ ಅಂಕಿಗಳಿಂದ ಹೊರಟ ತೀರ್ಮಾನ. ನೈತಿಕ ಪ್ರಶ್ನೆ ಎಂದುಕೊಂಡಿದ್ದು ವ್ಯವಸ್ಥೆಯ ಪ್ರಶ್ನೆಯಾಗಿ ತಿರುಗಿದ್ದು ಅಲ್ಲಿ. 1908ರ ಕಾಯ್ದೆಯ ಪ್ರಕಾರ 1909ರ ಜನವರಿ 1ರಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್ ಪಿಂಚಣಿ ಅಂಚೆ ಕಚೇರಿಯಲ್ಲಿ ಸಿಗತೊಡಗಿತು. ಕೈಕಾಲು ಗಟ್ಟಿಯಿದ್ದ ಎಷ್ಟೋ ಮುದುಕರು ಇದರಿಂದ ವರ್ಕ್‌ಹೌಸ್ ತಪ್ಪಿಸಿಕೊಂಡರು. ಒಳಗೆ ಉಳಿದವರು ಹಣದಿಂದ ಮಾತ್ರ ಬಗೆಹರಿಯದ ಕಷ್ಟದವರು: ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದವರು, ಮಲಮೂತ್ರದ ಹಿಡಿತ ತಪ್ಪಿದವರು, ಮರೆವು ಕವಿದವರು. ಕಾಯಿಲೆ ಬಿದ್ದ ಮುದುಕರ ಪ್ರಶ್ನೆ ಬಡತನದ ಪ್ರಶ್ನೆಯಿಂದ ಬೇರ್ಪಟ್ಟು ನಿಂತಿತು, ಅದನ್ನು ಕೇಳಲು ಮಾತ್ರ ಯಾರೂ ಇರಲಿಲ್ಲ.

ಹಾಗೆಂದು ವಿಜ್ಞಾನಿಗಳು ಮುಪ್ಪಿನ ವಿಷಯದಲ್ಲಿ ಸುಮ್ಮನಿದ್ದರು ಎಂದಲ್ಲ. ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಮುಪ್ಪನ್ನೇ ಇಲ್ಲವಾಗಿಸುವ ಉಮೇದು ಜೋರಾಗಿತ್ತು. 1889ರಲ್ಲಿ ಎಪ್ಪತ್ತೆರಡರ ಶರೀರಶಾಸ್ತ್ರಜ್ಞ ಬ್ರೌನ್ ಸೆಕಾರ್, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತಮಗೇ ಚುಚ್ಚಿಕೊಂಡು, ಯೌವನದ ಕಸುವು ಮರಳಿತೆಂದು ವಿದ್ವಾಂಸರ ಸಭೆಯಲ್ಲಿ ಸಾರಿದರು. 1903ರಲ್ಲಿ ಮುಪ್ಪಿನ ಅಧ್ಯಯನಕ್ಕೆ ಜೆರೊಂಟಾಲಜಿ ಎಂಬ ಹೆಸರು ಟಂಕಿಸಿದ ಜೀವವಿಜ್ಞಾನಿ ಮೆಚ್ನಿಕಾಫ್, ದೊಡ್ಡಕರುಳಿನ ಸೂಕ್ಷ್ಮಜೀವಿಗಳೇ ನಮ್ಮನ್ನು ಹಣ್ಣು ಮಾಡುತ್ತವೆಂದು ನಂಬಿ ಹುಳಿ ಮೊಸರನ್ನು ಎತ್ತಿಹಿಡಿದರು. (ಮೊಸರನ್ನ ಉಂಡು ಬೆಳೆದ ನಮಗೆ ಇದರಲ್ಲಿ ಆಕ್ಷೇಪವೇನಿಲ್ಲ, ಮೆಚ್ನಿಕಾಫ್ ಮಾತ್ರ ಎಪ್ಪತ್ತೊಂದಕ್ಕೇ ತೀರಿಕೊಂಡರು.) 1920ರ ದಶಕದಲ್ಲಿ ಶಸ್ತ್ರವೈದ್ಯ ವೊರೊನಾಫ್ ಮಂಗನ ಗ್ರಂಥಿಯ ಚೂರುಗಳನ್ನು ಧನಿಕರಿಗೆ ಕಸಿ ಮಾಡಿ ಪ್ರಸಿದ್ಧರಾದರು. ವಿಯೆನ್ನಾದ ಸ್ಟೈನಾಖ್ ಹೆಸರಿನ ಶಸ್ತ್ರಚಿಕಿತ್ಸೆಯನ್ನು ಕವಿ ಯೇಟ್ಸ್ 1934ರಲ್ಲಿ ಮಾಡಿಸಿಕೊಂಡರು. ಅವರ ಮುಂದಿನ ಕವಿತೆಗಳ ಬಿಸಿಗೆ ಅದೇ ಕಾರಣವೇ ಎಂಬ ಹರಟೆ ಇನ್ನೂ ಮುಗಿದಿಲ್ಲ. ಇವೆಲ್ಲ ಬರೀ ಮೋಸವಲ್ಲ. ಹಾರ್ಮೋನುಗಳ ಅಧ್ಯಯನಕ್ಕೆ, ಕರುಳಿನ ಜೀವಿಗಳ ಅಧ್ಯಯನಕ್ಕೆ ಇಲ್ಲಿಂದ ಎಳೆಗಳು ಹೋಗಿವೆ. ಆದರೆ ಇವರ ಮುಂದಿದ್ದ ಮುದುಕ ಹಣವಿದ್ದ, ಓಡಾಡಿಕೊಂಡಿದ್ದ, ಇನ್ನಷ್ಟು ಸುಖ ಬೇಕೆಂದ ಗಂಡಸು. ವರ್ಕ್‌ಹೌಸಿನ ಮಂಚದ ಮೇಲೆ ಹಾಸಿಗೆ ಹುಣ್ಣಾಗಿ ಮಲಗಿದ್ದ ಮುದುಕಿ ಇವರ ಕಣ್ಣಿಗೆ ಬೀಳಲೇ ಇಲ್ಲ.

ಅವಳನ್ನು ಕಂಡವರಲ್ಲಿ ಮೊದಲಿಗರು ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ವೈದ್ಯರಾದ ಇಗ್ನಾಟ್ಸ್ ನಾಷರ್. ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಬಡವರ ಆಶ್ರಯಮನೆಯೊಂದರಲ್ಲಿ ನೋವೆಂದು ಗೋಳಿಟ್ಟ ಮುದುಕಿಯನ್ನು ಗುರುಗಳು ಗಮನಿಸದೆ ಮುಂದೆ ಹೋದರೆಂದೂ, ಕಾಯಿಲೆ ಏನೆಂದು ಕೇಳಿದ್ದಕ್ಕೆ ವಯಸ್ಸಾಗಿದೆ, ಮಾಡುವಂಥದ್ದೇನೂ ಇಲ್ಲ ಎಂಬರ್ಥದ ಉತ್ತರ ಬಂತೆಂದೂ ಅವರು ಮುಂದೆ ಹೇಳಿಕೊಂಡಿದ್ದಾರೆ. 1909ರಲ್ಲಿ ಜೆರಿಯಾಟ್ರಿಕ್ಸ್ ಎಂಬ ಹೆಸರನ್ನು ಕೊಟ್ಟವರು, 1914ರಲ್ಲಿ ಅದಕ್ಕೊಂದು ದೊಡ್ಡ ಪಠ್ಯಪುಸ್ತಕ ಬರೆದವರು ಇವರೇ. ಮಕ್ಕಳ ವೈದ್ಯಕ್ಕೆ ಬೇರೆ ಶಾಖೆ ಇರುವಂತೆ ಮುದುಕರ ವೈದ್ಯಕ್ಕೂ ಇರಲಿ ಎಂಬುದು ಅವರ ವಾದ. ಪುಸ್ತಕ ಬಂತು, ಶಾಖೆ ಬರಲಿಲ್ಲ. ಅಮೆರಿಕದ ವೈದ್ಯರಿಗೆ ಮುದುಕರ ಚಿಕಿತ್ಸೆಯಲ್ಲಿ ಹಣವೂ ಕಾಣಲಿಲ್ಲ, ಹೆಸರೂ ಕಾಣಲಿಲ್ಲ. ಒಂದು ವಿದ್ಯೆಗೆ ಹೆಸರೂ ಪಠ್ಯವೂ ಇದ್ದರೆ ಸಾಲದು, ಅದನ್ನು ಅಭ್ಯಾಸ ಮಾಡುವ ಅಂಗಳವೂ ಬೇಕು ಎಂಬುದಕ್ಕೆ ನಾಷರ್ ಅವರ ಒಂಟಿತನವೇ ಸಾಕ್ಷಿ. ಆ ಅಂಗಳ ಸಿಕ್ಕಿದ್ದು ಐಲ್‌ವರ್ತ್‌ನಲ್ಲಿ, ಅದೂ ಸ್ಥಳೀಯ ಆಡಳಿತದ ಒಂದು ಏರ್ಪಾಡಿನಿಂದಾಗಿ: 1929ರ ಕಾಯ್ದೆ ಬಡವರ ಚಿಕಿತ್ಸಾಲಯಗಳನ್ನು ಕೌಂಟಿ ಆಡಳಿತಗಳ ಕೈಗೆ ಕೊಟ್ಟಿತ್ತು.

ವಾರೆನ್ ಕಂಡ ವಾರ್ಡುಗಳಲ್ಲಿ ಎಲ್ಲ ಬಗೆಯವರೂ ಕಲಬೆರಕೆಯಾಗಿದ್ದರು. ಸುಮ್ಮನೆ ಕಾಲು ನೋವಿನಿಂದ ಮಲಗಿದವರ ಪಕ್ಕದಲ್ಲೇ ರಾತ್ರಿಯೆಲ್ಲ ಕೂಗುವವರು, ಅವರ ಪಕ್ಕದಲ್ಲಿ ಲಕ್ವ ಹೊಡೆದು ಕೈಕಾಲು ಸೆಟೆದವರು. ಗಲಾಟೆ ಮಾಡುವವರಿಗೆ ಎತ್ತರದ ಕಟಾಂಜನದ ಮಂಚ. ದಾದಿಯರು ಬೆರಳೆಣಿಕೆಯಷ್ಟು, ಅವರಿಗೆ ರೋಗಿ ಎದ್ದು ಓಡಾಡುವುದಕ್ಕಿಂತ ಮಲಗಿದ್ದರೇ ಸುಲಭ, ಬಿದ್ದು ಮೂಳೆ ಮುರಿದುಕೊಂಡರೆ ಯಾರು ಹೊಣೆ? ಪರೀಕ್ಷೆ ಮುಗಿಸಿದ ವಾರೆನ್ ರೋಗಿಗಳನ್ನು ಐದು ಗುಂಪು ಮಾಡಿದರು: ಎದ್ದು ಕೂರಬಲ್ಲವರು, ಹಾಸಿಗೆ ಹಿಡಿದಿದ್ದರೂ ಮಲಮೂತ್ರದ ಹಿಡಿತವಿದ್ದವರು, ಹಿಡಿತ ತಪ್ಪಿದವರು, ಬುದ್ಧಿ ಮಸುಕಾಗಿದ್ದರೂ ಯಾರಿಗೂ ತೊಂದರೆ ಕೊಡದವರು, ಬೇರೆಯಾಗಿಯೇ ನೋಡಿಕೊಳ್ಳಬೇಕಾದಷ್ಟು ಬುದ್ಧಿ ಕೆಟ್ಟವರು. ಇಂದು ಇದು ಯಾವ ಆಸ್ಪತ್ರೆಯ ಗುಮಾಸ್ತನಿಗೂ ಹೊಳೆಯುವ ವಿಂಗಡಣೆ ಅನ್ನಿಸಬಹುದು. ಆದರೆ ಅದುವರೆಗೆ ಅಲ್ಲಿದ್ದದ್ದು ಒಂದೇ ಗುಂಪು, ಗುಣವಾಗದವರ ಗುಂಪು. ಆ ಹಣೆಪಟ್ಟಿಯ ಕೆಳಗೆ ಹುಡುಕಿದಾಗ ಪತ್ತೆಯಾಗದ ಹೃದಯದ ಕಾಯಿಲೆ, ರಕ್ತಹೀನತೆ, ಕಟ್ಟಿದ ಮಲ, ಕಾಣದ ಕಣ್ಣು, ಕೇಳದ ಕಿವಿ, ಯಾವತ್ತೋ ಗುಣವಾಗಬಹುದಾಗಿದ್ದ ಲಕ್ವ ಸಿಕ್ಕವು.

ಆಮೇಲಿನದು ನಿಧಾನದ ಕೆಲಸ. ಬಲಗೈ ಬಲಗಾಲು ಬಿದ್ದುಹೋದ ಒಬ್ಬರನ್ನು ಊಹಿಸಿಕೊಳ್ಳಿ. ತಿಂಗಳುಗಟ್ಟಲೆ ಮಲಗಿದ್ದರಿಂದ ಮೊಣಕಾಲು ಮಡಚಿಕೊಂಡು ಹಾಗೇ ಬಿಗಿದಿದೆ, ಪಾದ ಕೆಳಗೆ ಜೋತಿದೆ. ಇಂಥವರಿಗೆ ಮೊದಲು ಹಾಸಿಗೆಯಲ್ಲೇ ಹೊರಳುವುದನ್ನು ಕಲಿಸಬೇಕು. ಆಮೇಲೆ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಬೀಳದೆ ಕೂರುವುದು, ಆಮೇಲೆ ಆಸರೆ ಹಿಡಿದು ನಿಲ್ಲುವುದು, ಕುರ್ಚಿಗೆ ಬರುವುದು, ಗೋಡೆಯ ಕಂಬಿ ಹಿಡಿದು ಒಂದೊಂದೇ ಹೆಜ್ಜೆ. ಇದಕ್ಕೆ ಮಂಚದ ಎತ್ತರ ಸರಿಯಿರಬೇಕು, ಕುರ್ಚಿ ಬೇಕು, ಅಳತೆಗೆ ಸರಿಹೊಂದುವ ಬೂಟು ಬೇಕು, ದಿನವಿಡೀ ರಾತ್ರಿಯಂಗಿಯಲ್ಲಿ ಬಿದ್ದಿರದೆ ಹಾಕಿಕೊಳ್ಳಲು ಸ್ವಂತ ಬಟ್ಟೆ ಬೇಕು. ವಾರೆನ್ ವಾರ್ಡಿನ ಬಣ್ಣ ಬೆಳಕುಗಳನ್ನೂ ಬದಲಿಸಿದರು. ಮಂಕು ಗೋಡೆಯನ್ನೇ ನೋಡುತ್ತ ಮಲಗಿದವರಿಗೆ ಏಳುವ ಮನಸ್ಸು ಬರುವುದಾದರೂ ಹೇಗೆ ಎಂಬುದು ಅವರಿಗೆ ವೈದ್ಯಕೀಯ ಪ್ರಶ್ನೆಯೇ ಆಗಿತ್ತು. ಫಿಸಿಯೋಥೆರಪಿಯವರು, ದಾದಿಯರು, ಮನೆಯ ಪರಿಸ್ಥಿತಿ ವಿಚಾರಿಸಿ ಬರುವ ಸಮಾಜ ಕಾರ್ಯಕರ್ತೆ, ವೈದ್ಯರು ಒಂದೇ ರೋಗಿಯ ಬಗ್ಗೆ ಒಟ್ಟಿಗೆ ಕೂತು ಮಾತಾಡುವ ಕ್ರಮ ಇಲ್ಲಿ ರೂಢಿಗೆ ಬಂತು. ಕೆಲವು ವರ್ಷಗಳಲ್ಲಿ 714 ಜನರ ಜಾಗದಲ್ಲಿ 240 ಹಾಸಿಗೆ ಸಾಕಾದವು, ರೋಗಿಗಳು ಬಂದು ಗುಣವಾಗಿ ಹೋಗುವ ವೇಗ ಮೂರು ಪಟ್ಟಾಯಿತು, ಮಿಕ್ಕ ಹಾಸಿಗೆಗಳು ಕ್ಷಯರೋಗಿಗಳಿಗೆ ಹೋದವು. 1943ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, 1946ರಲ್ಲಿ ಲ್ಯಾನ್ಸೆಟ್‌ನಲ್ಲಿ ವಾರೆನ್ ಬರೆದ ಲೇಖನಗಳು ಈ ಅನುಭವದ ವರದಿಗಳು. ಮುದುಕರ ಚಿಕಿತ್ಸೆಯನ್ನು ಪ್ರತ್ಯೇಕ ವಿಭಾಗವಾಗಿ ಸಾಮಾನ್ಯ ಆಸ್ಪತ್ರೆಯೊಳಗೇ ನಡೆಸಬೇಕು, ವಿದ್ಯಾರ್ಥಿಗಳಿಗೆ ಕಲಿಸಬೇಕು ಎಂಬ ಬೇಡಿಕೆ ಅವುಗಳಲ್ಲಿದೆ. ಚಿಕಿತ್ಸೆ ಮುಂದೆ, ಶಾಸ್ತ್ರ ಹಿಂದೆ ಎಂಬ ಕ್ರಮ ಇಲ್ಲಿ ಎದ್ದು ಕಾಣುತ್ತದೆ.

ಆಗ ವೈದ್ಯರು ಬರೆದುಕೊಡುತ್ತಿದ್ದ ವಿಶ್ರಾಂತಿಯೇ ಎಷ್ಟೋ ಸಲ ಕಾಯಿಲೆಗೆ ಮೂಲ ಎಂದು ನೇರವಾಗಿ ಹೇಳಿದವರು ವೈದ್ಯ ರಿಚರ್ಡ್ ಆಶರ್. ಹಾಸಿಗೆ ಹತ್ತುವುದರ ಅಪಾಯಗಳನ್ನು ಕುರಿತು 1947ರಲ್ಲಿ ಅವರು ಬರೆದ ಚಿಕ್ಕ ಲೇಖನ ವ್ಯಂಗ್ಯದಿಂದ ತುಂಬಿದೆ, ಆದರೆ ಪಟ್ಟಿ ಗಂಭೀರವಾದದ್ದು: ಕಾಲಿನ ರಕ್ತನಾಳದಲ್ಲಿ ಹೆಪ್ಪು, ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯಾ, ಚರ್ಮದಲ್ಲಿ ಹುಣ್ಣು, ಮೂಳೆಯಿಂದ ಸುಣ್ಣದ ಅಂಶ ಕರಗುವುದು, ಮಲಬದ್ಧತೆ, ಕೊನೆಗೆ ಏಳುವ ಮನಸ್ಸೇ ಸತ್ತುಹೋಗುವುದು. ಇದು ಕಣ್ಣಂದಾಜಿನ ಮಾತು ಎನ್ನುವವರಿಗೆ ಅಳತೆಯ ಉತ್ತರ ಅರವತ್ತು ವರ್ಷ ತಡವಾಗಿ ಬಂತು. ಸರಾಸರಿ 67 ವಯಸ್ಸಿನ, ಯಾವ ಕಾಯಿಲೆಯೂ ಇಲ್ಲದ ಸ್ವಯಂಸೇವಕರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ ಅಮೆರಿಕದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳು ಕೊಬ್ಬಿಲ್ಲದ ಮಾಂಸದಲ್ಲಿ ಸುಮಾರು ಒಂದು ಕಿಲೋ ಕಳೆದುಕೊಂಡಿದ್ದವು. ಗಟ್ಟಿಮುಟ್ಟಾದವರ ಪಾಡೇ ಇದು. ಮೊದಲೇ ಸೊರಗಿದವರು ತಿಂಗಳು ಮಲಗಿದರೆ ಏನಾದೀತು ಎಂದು ಲೆಕ್ಕ ಹಾಕಬಹುದು. ಅಂಥವರನ್ನು ನಡೆಯಲಾರದವರು ಎಂದು ಬರೆದು, ನಡೆಯಲಾರದ ಕಾರಣಕ್ಕೆ ಮತ್ತೆ ಮಲಗಿಸುವ ಚಕ್ರವನ್ನು ಐಲ್‌ವರ್ತ್‌ನಲ್ಲಿ ಮುರಿದರು.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಆ ದಿನಗಳ ಸರ್ಕಾರಕ್ಕೆ ಬೇಕಾಗಿದ್ದದ್ದು ಹಾಸಿಗೆ. ಮುದುಕರ ಸ್ವಾತಂತ್ರ್ಯ, ಘನತೆ ಎಂಬ ಮಾತುಗಳು ಹಾಸಿಗೆ ಖಾಲಿ ಮಾಡಿಸಲು ಹೊದಿಸಿದ ಶಾಲು ಎಂದು ವಾದಿಸಬಹುದು. ಯುದ್ಧಕಾಲದ ಒತ್ತಡ, 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಗೆ ಬಳುವಳಿಯಾಗಿ ಬಂದ ಸಾವಿರಾರು ದೀರ್ಘರೋಗಿಗಳು, ಖರ್ಚಿನ ಚಿಂತೆ ಇವೆಲ್ಲ ಇಲ್ಲದಿದ್ದರೆ ಆರೋಗ್ಯ ಇಲಾಖೆ ಈ ಹೊಸ ವಿಭಾಗಕ್ಕೆ ಹುದ್ದೆಗಳನ್ನು ಕೊಡುತ್ತಿತ್ತೇ ಎಂಬ ಅನುಮಾನ ನನಗೂ ಇದೆ. ಆದರೆ ಉದ್ದೇಶ ಏನೇ ಇರಲಿ, ಪರೀಕ್ಷಿಸಬೇಕಾದದ್ದು ಫಲ. ಮುದುಕರನ್ನು ಹೊರಗೆ ಕಳಿಸುವುದಷ್ಟೇ ಗುರಿಯಾಗಿದ್ದರೆ ಅದಕ್ಕೆ ಆರು ತಿಂಗಳ ವ್ಯಾಯಾಮ, ಬೂಟು, ಕನ್ನಡಕ ಬೇಕಿರಲಿಲ್ಲ. ಇನ್ನೂ ಅಗ್ಗದ ದೊಡ್ಡಿಯೊಂದನ್ನು ಹುಡುಕಿದ್ದರೆ ಸಾಕಿತ್ತು. ಎಸ್ಸೆಕ್ಸ್‌ನ ಓರ್ಸೆಟ್‌ನಲ್ಲಿ ಲಯನೆಲ್ ಕೊಸಿನ್, ಸೊಂಟ ಮುರಿದ ಮುದುಕಿಯರಿಗೆ ಶಸ್ತ್ರಚಿಕಿತ್ಸೆ ಮಾಡಿ ಬೇಗ ಎಬ್ಬಿಸಿ ನಡೆಸಿದರು. ಅದುವರೆಗೆ ಆ ಮೂಳೆಮುರಿತ ಮರಣಪತ್ರವೆಂದೇ ಲೆಕ್ಕ. ಕೊಸಿನ್‌ರ ವಾರ್ಡಿನಿಂದ ಮನೆಗೆ ಹೋದವರಿಗೆ ಸರ್ಕಾರದ ಉಳಿತಾಯ ಏನಾಯಿತು ಎಂಬುದಕ್ಕಿಂತ ತಮ್ಮ ಅಡುಗೆಮನೆಗೆ ತಾವೇ ನಡೆದು ಹೋದದ್ದು ದೊಡ್ಡದು.

ಎರಡನೆಯ ಆಕ್ಷೇಪ ವಿಧಾನದ್ದು, ಅದು ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ವಾರೆನ್ ತಮ್ಮ ರೋಗಿಗಳನ್ನು ಬೇರೆ ಕಡೆಯ ಅಂಥದೇ ರೋಗಿಗಳ ಜೊತೆ ಹೋಲಿಸಲಿಲ್ಲ. ಬಣ್ಣ ಬದಲಿಸಿದ್ದರಿಂದ ಆಯಿತೋ, ವ್ಯಾಯಾಮದಿಂದ ಆಯಿತೋ, ಹುರುಪಿನ ವೈದ್ಯೆಯೊಬ್ಬರು ದಿನಾ ಬಂದು ಮಾತಾಡಿಸಿದ್ದರಿಂದ ಆಯಿತೋ ಎಂದು ಹೇಳುವುದು ಹೇಗೆ? ಈ ವಿದ್ಯೆಯವರು ಈ ಪ್ರಶ್ನೆಗೆ ಉತ್ತರಿಸಲು ಹತ್ತಿರಹತ್ತಿರ ಐವತ್ತು ವರ್ಷ ತೆಗೆದುಕೊಂಡರು ಎಂಬುದನ್ನು ಒಪ್ಪಬೇಕು. 1984ರಲ್ಲಿ ಲಾರೆನ್ಸ್ ರೂಬೆನ್‌ಸ್ಟೈನ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 123 ವೃದ್ಧ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಮಾಮೂಲು ಚಿಕಿತ್ಸೆ. ಇನ್ನೊಂದಕ್ಕೆ ದೇಹ, ಮನಸ್ಸು, ನಡಿಗೆ, ಔಷಧಿ, ಮನೆಯ ಪರಿಸ್ಥಿತಿ ಎಲ್ಲವನ್ನೂ ತಂಡವಾಗಿ ತೂಗಿ ನೋಡುವ ಚಿಕಿತ್ಸೆ. ವರ್ಷ ಕಳೆಯುವಷ್ಟರಲ್ಲಿ ಮಾಮೂಲು ಗುಂಪಿನಲ್ಲಿ ತೀರಿಕೊಂಡವರು ಶೇ. 48.3, ತಂಡ ನೋಡಿದ ಗುಂಪಿನಲ್ಲಿ ಶೇ. 23.8. ಯಾವ ಹೊಸ ಔಷಧಿಯೂ ಇಲ್ಲದೆ, ನೋಡುವ ಕ್ರಮವೊಂದರಿಂದಲೇ ಬಂದ ವ್ಯತ್ಯಾಸ ಇದು. ಒಂದೇ ಆಸ್ಪತ್ರೆಯ, ಚಿಕ್ಕ ಗುಂಪಿನ ಫಲವನ್ನು ಉಬ್ಬಿಸಿ ಹೇಳಬಾರದು ನಿಜ. ಮುಂದಿನ ಪ್ರಯೋಗಗಳಲ್ಲಿ ಲಾಭ ಇಷ್ಟು ದೊಡ್ಡದಾಗಿ ಕಾಣಲಿಲ್ಲ. ಆದರೂ 29 ಪ್ರಯೋಗಗಳ, 13,766 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆ, ಹೀಗೆ ನೋಡಿಕೊಂಡ ವೃದ್ಧರು ತಿಂಗಳುಗಳ ನಂತರ ಜೀವಂತವಾಗಿ ತಮ್ಮ ಮನೆಯಲ್ಲೇ ಇರುವ ಸಂಭವ ಹೆಚ್ಚು ಎಂದು ತೀರ್ಮಾನಿಸಿತು. ಐಲ್‌ವರ್ತ್‌ನ ಅಂದಾಜು ದಿಕ್ಕು ತಪ್ಪಿರಲಿಲ್ಲ.

ಮೂರನೆಯದು ನಮ್ಮಲ್ಲಿ ತಟ್ಟನೆ ಬರುವ ಮಾತು: ಇಂಗ್ಲಿಷರ ಮಕ್ಕಳು ಅಪ್ಪ ಅಮ್ಮನನ್ನು ಕೈಬಿಟ್ಟರು, ಅದಕ್ಕೇ ಅವರಿಗೆ ಇಂಥ ಶಾಸ್ತ್ರ ಬೇಕಾಯಿತು, ಮನೆಯವರು ನೋಡಿಕೊಳ್ಳುವ ಕಡೆ ಇದರ ಗೊಡವೆ ಏಕೆ? ಈ ಆರೋಪ ಇಂಗ್ಲೆಂಡಿನಲ್ಲೇ ಬಹಳ ಹಳೆಯದು. ಹೊಸ ಆರೋಗ್ಯ ಸೇವೆ ಬಂದಮೇಲಂತೂ ಜನ ತಮ್ಮ ಕರ್ತವ್ಯವನ್ನು ಸರ್ಕಾರದ ಮೇಲೆ ಹಾಕುತ್ತಾರೆ ಎಂಬ ಗೊಣಗಾಟ ವೈದ್ಯರಲ್ಲೂ ಇತ್ತು. ಅದನ್ನು ಪರೀಕ್ಷಿಸಲು ಹೋದವರಿಗೆ ಸಿಕ್ಕಿದ್ದೇ ಬೇರೆ. ವುಲ್ವರ್‌ಹ್ಯಾಂಪ್ಟನ್‌ನ ವೈದ್ಯ ಜೋಸೆಫ್ ಶೆಲ್ಡನ್ ಯುದ್ಧ ಮುಗಿಯುವ ಹೊತ್ತಿಗೆ ಊರಿನ ಪಡಿತರ ದಾಖಲೆಗಳಿಂದ ಹೆಸರು ಆಯ್ದು, ಮುದುಕರ ಮನೆಬಾಗಿಲಿಗೇ ಹೋಗಿ ವಿಚಾರಿಸಿದರು. 1948ರಲ್ಲಿ ಪುಸ್ತಕವಾಗಿ ಬಂದ ಆ ಸಮೀಕ್ಷೆಯಲ್ಲಿ, ಕಾಯಿಲೆ ಬಿದ್ದ ಮುದುಕರನ್ನು ನೋಡಿಕೊಳ್ಳುವ ಭಾರ ಹೆಂಡತಿಯರ, ಹೆಣ್ಣುಮಕ್ಕಳ ಹೆಗಲ ಮೇಲಿದೆ, ಎಷ್ಟೋ ಕಡೆ ಅದು ಅವರ ಆರೋಗ್ಯವನ್ನೇ ಹಾಳುಮಾಡುವಷ್ಟಿದೆ ಎಂಬುದು ಕಾಣುತ್ತದೆ. ಲಂಡನ್ನಿನ ಬಡ ಬಡಾವಣೆ ಬೆತ್ನಲ್ ಗ್ರೀನ್‌ನಲ್ಲಿ 203 ವೃದ್ಧರನ್ನು ಮಾತಾಡಿಸಿ 1957ರಲ್ಲಿ ಸಮಾಜಶಾಸ್ತ್ರಜ್ಞ ಪೀಟರ್ ಟೌನ್ಸೆಂಡ್ ಬರೆದದ್ದೂ ಇದನ್ನೇ: ಮಗಳ ಮನೆ ಕೂಗಳತೆಯಲ್ಲಿರುತ್ತದೆ, ದಿನಕ್ಕೊಮ್ಮೆ ಹೋಗಿ ಬರುವುದುಂಟು, ಮೊಮ್ಮಕ್ಕಳನ್ನು ಅಜ್ಜಿಯೇ ನೋಡಿಕೊಳ್ಳುತ್ತಾಳೆ. ಆಶ್ರಯಧಾಮಗಳಿಗೆ ಬಂದು ಬೀಳುವವರಲ್ಲಿ ಮದುವೆಯಾಗದವರು, ಮಕ್ಕಳಿಲ್ಲದವರು, ಇದ್ದ ಮಗಳೂ ತೀರಿಕೊಂಡವರೇ ಹೆಚ್ಚು. 1972ರಲ್ಲಿ ಗ್ಲಾಸ್ಗೋದ ಬರ್ನಾರ್ಡ್ ಐಸಾಕ್ಸ್ ಮತ್ತು ಜೊತೆಗಾರರು ಆಸ್ಪತ್ರೆಗೆ ಬಂದ ವೃದ್ಧರ ಮನೆಕಥೆಗಳನ್ನು ಹಿಡಿದು ಹೊರಟಾಗಲೂ ಕಂಡದ್ದು, ಕೈಬಿಟ್ಟ ಮಕ್ಕಳಿಗಿಂತ ಕೈಸೋತ ಮಕ್ಕಳನ್ನು. ಮನೆಯವರ ಪ್ರೀತಿಯನ್ನು ಹೀಗೆ ಅಳೆದು ದಾಖಲಿಸಿದ್ದು ಈ ಸಂಶೋಧನೆಯ ದೊಡ್ಡ ಸಾಧನೆಗಳಲ್ಲಿ ಒಂದು ಎಂದು ನನ್ನ ಎಣಿಕೆ. ಏಕೆಂದರೆ ದೂರುವುದಕ್ಕೆ ಮಕ್ಕಳು ಸಿಗುತ್ತಿರುವವರೆಗೂ ಯಾವ ಸರ್ಕಾರವೂ ವ್ಯವಸ್ಥೆಯ ಕಡೆ ನೋಡುವುದಿಲ್ಲ. ಮನೆಯವರು ನೋಡಿಕೊಳ್ಳುತ್ತಾರೆ ಎಂಬ ಹೆಮ್ಮೆ ಇನ್ನೊಂದನ್ನೂ ಮುಚ್ಚುತ್ತದೆ. ಪ್ರೀತಿಯ ಮನೆಯೂ ಮುದುಕರನ್ನು ಹಾಸಿಗೆ ಹಿಡಿಸಬಹುದು. ಅಮ್ಮ ಬಿದ್ದಾಳು ಎಂಬ ಅಕ್ಕರೆಯಿಂದ ಎದ್ದೇಳಬೇಡ ಎನ್ನುವ ಮಗನಿಗೂ, ಬಿದ್ದರೆ ಯಾರು ಹೊಣೆ ಎನ್ನುವ ವರ್ಕ್‌ಹೌಸಿನ ದಾದಿಗೂ ಸ್ನಾಯುಗಳ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಹಾಗಾದರೆ ವಿಭಾಗವೊಂದು ಹುಟ್ಟಿದ್ದರಿಂದ ಎಲ್ಲ ಸರಿಹೋಯಿತೇ? ಇಲ್ಲ. 1948ರ ಕಾನೂನು ಬಡವರ ಕಾಯ್ದೆಯನ್ನು ರದ್ದು ಮಾಡಿತು, ಕಟ್ಟಡಗಳು ಉಳಿದವು. ಟೌನ್ಸೆಂಡ್ 1950ರ ದಶಕದ ಕೊನೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ವೃದ್ಧಾಶ್ರಮಗಳನ್ನು ಹೊಕ್ಕು ನೋಡಿ 1962ರಲ್ಲಿ ಬರೆದ ಪುಸ್ತಕದಲ್ಲಿ ಬೋರ್ಡು ಬದಲಿಸಿದ ಹಳೆಯ ವರ್ಕ್‌ಹೌಸುಗಳೇ ಮತ್ತೆ ಮತ್ತೆ ಬರುತ್ತವೆ. 1967ರಲ್ಲಿ ಬಾರ್ಬರಾ ರಾಬ್ ಸಂಪಾದಿಸಿದ ಇನ್ನೊಂದು ಪುಸ್ತಕ, ಮಾನಸಿಕ ಆಸ್ಪತ್ರೆಗಳ ವೃದ್ಧರ ವಾರ್ಡುಗಳಲ್ಲಿ ಕನ್ನಡಕ, ಹಲ್ಲಿನ ಸೆಟ್ಟು, ಶ್ರವಣಯಂತ್ರ ಕಿತ್ತುಕೊಂಡು ಇಡುತ್ತಿದ್ದುದನ್ನೂ ಹೊಡೆತ ಬೈಗುಳಗಳನ್ನೂ ಬಯಲಿಗೆ ತಂದಿತು. ಕನ್ನಡಕ ಕಸಿದುಕೊಂಡ ಮೇಲೆ ಮುದುಕಿಗೆ ಗುರುತು ಸಿಗುವುದಿಲ್ಲ. ಗುರುತು ಸಿಗುತ್ತಿಲ್ಲ ಎಂಬುದನ್ನೇ ಬುದ್ಧಿ ಮಂದವಾಗಿದೆ ಎಂದು ಬರೆದುಕೊಳ್ಳುತ್ತಾರೆ. ಇಲಾಖೆ ಮೊದಲು ಈ ದೂರುಗಳನ್ನು ತಳ್ಳಿಹಾಕಿತು. 1969ರಲ್ಲಿ ವೇಲ್ಸ್‌ನ ಈಲಿ ಆಸ್ಪತ್ರೆಯ ಅಧಿಕೃತ ತನಿಖೆ ಇಂಥದೇ ದೌರ್ಜನ್ಯವನ್ನು ದೃಢಪಡಿಸಿದ ಮೇಲೆ, ದೀರ್ಘಕಾಲದ ಆಸ್ಪತ್ರೆಗಳನ್ನು ಹೊರಗಿನವರು ಬಂದು ನೋಡುವ ಸಲಹಾ ಸೇವೆಯೊಂದು ಹುಟ್ಟಿತು. ಇದು ನನ್ನ ವಾದಕ್ಕೆ ವಿರುದ್ಧವಾಗಿ ಕಾಣಬಹುದು, ಆದರೆ ವಾದದ ಇನ್ನೊಂದು ಮುಖವೇ ಇದು. ವ್ಯವಸ್ಥೆಯಿಂದ ಮುಪ್ಪು ಹೆಚ್ಚುತ್ತದೆ ಎಂದು ತಿಳಿದಿದ್ದ ದೇಶದಲ್ಲೂ, ಆ ತಿಳಿವಳಿಕೆ ವಾರ್ಡಿನ ಬಾಗಿಲವರೆಗೆ ಬಾರದಿದ್ದರೆ ಹಳೆಯ ಚಾಳಿ ಮರಳಿತು.

ಬಾಗಿಲವರೆಗೆ ತಂದವರು ಯಾರು ಎಂಬುದು ಈ ಚರಿತ್ರೆಯಲ್ಲಿ ನಮಗೆ ಹತ್ತಿರದ ಭಾಗ. 1965ರಲ್ಲಿ ಗ್ಲಾಸ್ಗೋದಲ್ಲಿ ಫರ್ಗ್ಯುಸನ್ ಆಂಡರ್ಸನ್ ಜಗತ್ತಿನ ಮೊದಲ ಜೆರಿಯಾಟ್ರಿಕ್ಸ್ ಪ್ರಾಧ್ಯಾಪಕರಾದರು. ಆದರೂ ಬ್ರಿಟಿಷ್ ಪದವೀಧರರು ಈ ಕಡೆ ಸುಳಿಯಲಿಲ್ಲ. ಹೃದಯ, ನರ, ಹೊಟ್ಟೆಯ ವಿಭಾಗಗಳಲ್ಲಿದ್ದ ಪ್ರತಿಷ್ಠೆ, ಖಾಸಗಿ ವರಮಾನ ಇಲ್ಲಿರಲಿಲ್ಲ. ಕೆಲಸ ಮಾಡಬೇಕಾದದ್ದು ಊರಾಚೆಯ ಹಳೆ ಕಟ್ಟಡಗಳಲ್ಲಿ. ಅದೇ ವರ್ಷಗಳಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾಗಳಿಂದ ಉನ್ನತ ಪದವಿಗೆಂದು ಹೋದ ಯುವ ವೈದ್ಯರಿಗೆ ದೊಡ್ಡ ವಿಭಾಗಗಳ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಖಾಲಿ ಬಿದ್ದಿದ್ದ ವೃದ್ಧರ ವಿಭಾಗದ ಹುದ್ದೆಗಳು ಇವರ ಪಾಲಿಗೆ ಬಂದವು. ಸಂಶೋಧಕರಾದ ಪಾರ್ವತಿ ರಘುರಾಮ್, ಜೊವಾನಾ ಬೋರ್ನಾಟ್, ಲೆರಾಯ್ ಹೆನ್ರಿ ಈ ವೈದ್ಯರ ಬಾಯಿಂದಲೇ ಚರಿತ್ರೆ ಕೇಳಿ ದಾಖಲಿಸಿದ್ದಾರೆ. ಇಷ್ಟಪಟ್ಟು ಬಂದವರು ಕಡಿಮೆ, ಬಂದ ಮೇಲೆ ಇಷ್ಟಪಟ್ಟವರು ಅನೇಕರು ಎಂಬುದು ಆ ಮಾತುಕತೆಗಳಿಂದ ಹೊಮ್ಮುವ ಚಿತ್ರ. ಹಿರಿಯರನ್ನು ಗೌರವಿಸುವ ನಾಡಿನವರಾದ್ದರಿಂದ ಇವರಿಗೆ ಈ ಕೆಲಸ ಒಗ್ಗಿತು ಎಂದು ಹೊಗಳುವವರಿದ್ದಾರೆ. ಅದು ಅರ್ಧ ಸುಳ್ಳು ಎಂದು ನನಗನ್ನಿಸುತ್ತದೆ. ವರ್ಣಭೇದದಿಂದ ಮುಚ್ಚಿದ ದಾರಿಯನ್ನು ಸಂಸ್ಕಾರದ ಹೆಸರಿನಲ್ಲಿ ಮರೆಸುವ ಮಾತು ಅದು. ಯಾರಿಗೂ ಬೇಡವಾದ ರೋಗಿಗಳನ್ನು ಯಾರೂ ಮೇಲೆ ಬರಗೊಡದ ವೈದ್ಯರು ನೋಡಿಕೊಂಡರು, ಅದರಿಂದ ಒಂದು ವಿಭಾಗ ಬೆಳೆಯಿತು. ಇಂದು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅದು ಅತಿ ದೊಡ್ಡ ವಿಭಾಗಗಳಲ್ಲಿ ಒಂದು.

ಭಾರತಕ್ಕೆ ಈ ವಿದ್ಯೆ ಬಂದದ್ದೂ ಆ ದಾರಿಯಲ್ಲೇ. ಬ್ರಿಟನ್ನಿನಲ್ಲಿ ತರಬೇತಿ ಪಡೆದು ಮರಳಿದ ವಿ. ಎಸ್. ನಟರಾಜನ್ 1978ರಲ್ಲಿ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗಾಗಿ ಹೊರರೋಗಿ ವಿಭಾಗ ತೆರೆದರು. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯದ ಎಂ.ಡಿ. ಪದವಿ 1996ರಲ್ಲಿ ಶುರುವಾಯಿತು. ಕೇಂದ್ರ ಸರ್ಕಾರ 2010–11ರಲ್ಲಿ ವೃದ್ಧರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ ಮೊದಲು ಆರಿಸಿಕೊಂಡ ಎಂಟು ಪ್ರಾದೇಶಿಕ ಕೇಂದ್ರಗಳಲ್ಲಿ ಚೆನ್ನೈ, ತಿರುವನಂತಪುರ, ಮುಂಬೈ ಇದ್ದವು, ಕರ್ನಾಟಕದ ಕಾಲೇಜು ಇರಲಿಲ್ಲ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನರಲ್ಲಿ ಅರವತ್ತು ದಾಟಿದವರು ಶೇ. 9.5ರಷ್ಟಿದ್ದರು, ದೇಶದ ಸರಾಸರಿಗಿಂತ ಹೆಚ್ಚು. ಆ ಕಾರ್ಯಕ್ರಮದ ನಕ್ಷೆಯ ಪ್ರಕಾರ ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರಿಗೆ ಹತ್ತು ಹಾಸಿಗೆಯ ವಾರ್ಡು, ಹೊರರೋಗಿ ಚಿಕಿತ್ಸೆ, ಫಿಸಿಯೋಥೆರಪಿ ಇರಬೇಕು. ಇಂಥ ವಾರ್ಡುಗಳ ಪ್ರಗತಿಯನ್ನು ನಮ್ಮ ವರದಿಗಳು ಹಾಸಿಗೆಗಳ ಸಂಖ್ಯೆಯಲ್ಲೂ ಬಂದುಹೋದ ರೋಗಿಗಳ ಸಂಖ್ಯೆಯಲ್ಲೂ ಹೇಳುವ ರೂಢಿ. ಹಾಸಿಗೆಗಳ ಸಂಖ್ಯೆ ಐಲ್‌ವರ್ತ್‌ನಲ್ಲಿ 1935ಕ್ಕಿಂತ ಮೊದಲೂ ಬೇಕಾದಷ್ಟಿತ್ತು. ಮಲಗಿ ಬಂದವರಲ್ಲಿ ಎಷ್ಟು ಜನ ಎದ್ದು ಹೋದರು, ಮೂರು ತಿಂಗಳ ನಂತರ ಅವರಲ್ಲಿ ಎಷ್ಟು ಜನ ಯಾರ ಕೈ ಹಿಡಿಯದೆ ಬಚ್ಚಲಿಗೆ ಹೋಗಿ ಬರುತ್ತಿದ್ದಾರೆ ಎಂಬ ಎರಡು ಕಾಲಂಗಳನ್ನು ಆ ವರದಿಗೆ ಸೇರಿಸಲು ಹೊಸ ಯಂತ್ರವೂ ಬೇಡ, ವಿದೇಶದಲ್ಲಿ ಕಲಿತ ತಜ್ಞರೂ ಬೇಡ. ರೋಗಿ ಬಂದ ದಿನ, ಹೋದ ದಿನ ಒಮ್ಮೊಮ್ಮೆ ಎದ್ದು ನಿಲ್ಲಿಸಿ ನೋಡಿ, ಕಂಡದ್ದನ್ನು ಬರೆದಿಡುವ ಒಬ್ಬ ದಾದಿ, ಮೂರು ತಿಂಗಳ ಮೇಲೆ ಆ ಮನೆಗೆ ಹೋಗಿ ಬರುವ ಒಬ್ಬ ಆಶಾ ಕಾರ್ಯಕರ್ತೆ ಸಾಕು.